ನೂರೆಂಟು

ಸೂರ್ ಎಂಬ ಊರು. ಹೆಸರಿನಲ್ಲೇ ಸೂರಿದೆ,
ನೆರಳು ಮಾತ್ರ ಇಲ್ಲ.
ರಾತ್ರಿ ಎರಡೂಕಾಲಕ್ಕೆ ಯಂತ್ರ ಗೊಣಗಿ
ಒಂದು ಅಂಕಿ ಉಗುಳಿತು: ಸೋಡಿಯಂ, ನೂರೆಂಟು.

ನಮ್ಮ ಕಡೆ ನೂರೆಂಟು ಅಂದರೆ ಜಪಮಣಿ,
ಕೂಗುತ್ತ ಬರುವ ಆಂಬುಲೆನ್ಸು,
ಇಲ್ಲವೇ ಮುಗಿಯದ ತಾಪತ್ರಯ.
ಇಲ್ಲಿ ಅದು ಒಬ್ಬನ ರಕ್ತ.

ನಂಬಲಿಲ್ಲ. ಡ್ರಿಪ್ ಚುಚ್ಚಿದ ಕೈಯಿಂದಲೇ ಎಳೆದರೋ,
ಸಕ್ಕರೆ ಏರಿದೆಯೋ, ಕೊಬ್ಬು ತೇಲಿ ಯಂತ್ರ ಯಾಮಾರಿತೋ?
ಟ್ಯೂಬನ್ನು ದೀಪಕ್ಕೆ ಹಿಡಿದೆ. ತಿಳಿ ಹಳದಿ, ನಿರಪರಾಧಿ.
ಮತ್ತೆ ಓಡಿಸಿದೆ. ಮತ್ತೆ ನೂರೆಂಟು.
ಫೋನೆತ್ತಿದ ನರ್ಸ್ ಶೈಬಿ ಅಂಕಿಗೆ ಹೂಂಗುಟ್ಟಿ ಕೇಳಿದಳು,
"ನಿನಗೆ ಕನ್ನಡ ಬರುತ್ತಲ್ಲ? ಓಡಿ ಬಾ."

ನಾನು ಜನರನ್ನು ಮುಚ್ಚಳದ ಬಣ್ಣದಿಂದ ಬಲ್ಲವಳು.
ಹಳದಿ ಮುಚ್ಚಳಕ್ಕೆ ಮೀಸೆ ಇತ್ತು, ಸೀಳಿದ ಹುಬ್ಬಿತ್ತು,
ಕೈಪಟ್ಟಿಯಲ್ಲಿ ಹೆಸರು: ಮಕ್ತುಂಸಾಬ ನದಾಫ.
"ಅಕ್ಕಾರ, ಗಜೇಂದ್ರಗಡದ ಬಸ್ಸು ಹೋತೇನ್ರಿ?"
ಡಾಕ್ಟರ್ ಇಬ್ತಿಸಾಮ್ ನನ್ನ ಮುಖ ನೋಡಿದರು.
ಬಸ್ಸಿಗೆ ಕಾಯುತ್ತಿದ್ದಾರೆ, ಅಂದೆ.
ಅಷ್ಟರಲ್ಲಿ ದವಡೆ ಕಚ್ಚಿತು. ಮಂಚ ಕುಣಿಯಿತು.

ಮೂರು ಪರ್ಸೆಂಟ್ ಉಪ್ಪುನೀರು, ನೂರು ಎಂಎಲ್, ಹತ್ತು ನಿಮಿಷ.
ತಲೆಬುರುಡೆಯೊಳಗೆ ಮಿದುಳು
ರಾತ್ರಿ ನೆನೆಹಾಕಿದ ಕಡಲೆ;
ಊದಲು ಜಾಗವಿಲ್ಲ.

ಕಾರಿಡಾರಿನಲ್ಲಿ ಅವನ ರೂಮಿನ ಹುಡುಗ, ನೇಪಾಳದ ಥಾರು,
ಗುಳಿಗೆಯ ಕವರು ಹಿಡಿದು ನಿಂತಿದ್ದ.
ಊರ ಡಾಕ್ಟರು ಬಿಪಿಗೆ ಗುಳಿಗೆ ಕೊಟ್ಟು
ಉಪ್ಪು ಬಿಡು ಅಂದಿದ್ದರಂತೆ. ಬಿಟ್ಟ.
ಗುಳಿಗೆ ಇದ್ದಬದ್ದ ಉಪ್ಪನ್ನೂ ಮೂತ್ರಕ್ಕೆ ದಾಟಿಸಿತು.
ಉಳಿದದ್ದನ್ನು ಜುಲೈ ತಿಂಗಳು
ಅವನ ಅಂಗಿಯ ಬೆನ್ನಿಗೆ ಬಿಳಿ ನಕಾಶೆಯಾಗಿ ಬರೆಯಿತು.
ಕಡಲಿನ ಉಪ್ಪು ತೆಗೆಯುವ ಕಾರ್ಖಾನೆ; ಪೈಪು ಉಜ್ಜುವ ಕೆಲಸ;
ಗೋಡೆಯ ಮೇಲೆ ಐದು ಭಾಷೆಯಲ್ಲಿ 'ನೀರು ಕುಡಿಯಿರಿ'.
ಕನ್ನಡವಿರಲಿಲ್ಲ. ಚಿತ್ರ ನೋಡಿ ತಿಳಿದುಕೊಂಡ,
ದಿನಕ್ಕೆ ಹನ್ನೊಂದು ಬಾಟಲಿ.
ಎಲ್ಲರೂ ಒಳ್ಳೆಯದನ್ನೇ ಹೇಳಿದ್ದರು.

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ನೀರು ಕುಡಿದವನು?
ಗಾದೆ ಅಲ್ಲಿಗೇ ನಿಂತಿದೆ.

ಎರಡೆರಡು ಗಂಟೆಗೊಂದು ಟ್ಯೂಬು. ನೂರ ಹನ್ನೆರಡು.
ನಡುಕ ನಿಂತಿತು, ಗೊರಕೆ ಬಂತು.
ಇನ್ನೂ ಕೊಡಬಾರದೇ, ಅಂದೆ. ಹುಡುಗ ಕೈಮುಗಿದೇಬಿಟ್ಟ.
ಡಾಕ್ಟರು ತಲೆಯಾಡಿಸಿದರು: ದಿನಕ್ಕೆ ಎಂಟರ ಮೇಲೆ ಏರಿದರೆ
ಬಾಡಿದ ಮಿದುಳಿನ ನರಗಳು ಸಿಪ್ಪೆ ಕಳಚಿಕೊಳ್ಳುತ್ತವೆ.
ಬದುಕುತ್ತಾನೆ, ನುಂಗಲಾರ, ನುಡಿಯಲಾರ.

ನನಗಿದು ಗೊತ್ತಿತ್ತು, ಬೇರೆ ಥರ.
ಅಮ್ಮ ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಎಳೆದವಳು.
ಹಿಮ್ಮಡಿ ಒಡೆದ ಕಾಲಲ್ಲಿ ನಿಂತು ಅನ್ನುತ್ತಿದ್ದಳು,
ಬಿಸಿಲು ತನ್ನ ಪುರುಸೊತ್ತಿನಲ್ಲಿ ಕೂರಿಸಬೇಕು ಮಗಾ,
ನಾವು ಕೆದಕಿದರೆ ಕೆಸರೇ.

ನೂರ ಹದಿಮೂರು. ನೂರ ಹದಿನಾಲ್ಕು.
ಮಧ್ಯಾಹ್ನ ಅವನ ಮೂತ್ರಕ್ಕೆ ತೂಬು ಕಿತ್ತಿತು;
ಚೀಲದ ಮೇಲೆ ಚೀಲ, ಬಣ್ಣವಿಲ್ಲದ ನೀರು.
ನೂರ ಹದಿನೇಳು! ಈಗ ನನ್ನ ಕೈ ನಡುಗಿತು.
ಏರಿದ್ದಕ್ಕೆ ಹೆದರುವ ದಿನವೂ ಬಂತು.
ಆಗ, ನೀರಿಂದ ಕೆಟ್ಟವನಿಗೆ ಮತ್ತೆ ನೀರನ್ನೇ ಕೊಟ್ಟರು,
ಸಕ್ಕರೆ ಬೆರೆಸಿ, ನರಕ್ಕೆ;
ಮೂತ್ರ ಕಟ್ಟುವ ಸೂಜಿಯನ್ನೂ.
ನೂರ ಹದಿನೈದು. ಶೈಬಿ ಕುರ್ಚಿಗೆ ಕುಸಿದಳು.

ನಾಲ್ಕನೆಯ ದಿನ ನೂರ ಇಪ್ಪತ್ತೊಂಬತ್ತು.
ನನ್ನ ಪಾಳಿಯಲ್ಲ, ಆದರೂ ಹೋದೆ.
ಆ ಗುಳಿಗೆ ಬಿಡಿಸಿ ಬೇರೆ ಬರೆದಿದ್ದರು.
ಹುಡುಗ ತಂದ ಮಾವಿನ ಉಪ್ಪಿನಕಾಯಿ ನೆಕ್ಕುತ್ತಿದ್ದ.
ಇವತ್ತು ಯಾವ ವಾರ, ಡಾಕ್ಟರರ ಪರವಾಗಿ ಕೇಳಿದೆ.
"ಮಂಗಳವಾರ್ರಿ." ಸರಿ.
ಇದು ಯಾವ ಊರು?
"ಸೂರ್." ಸರಿ.
ಬಸ್ಸಿನ ಮಾತು ತೆಗೆಯಲಿಲ್ಲ. ಸೀಳಿದ ಹುಬ್ಬು ಏರಿಸಿ,
"ನೀವು ಯಾರ್ರಿ?"

ಲ್ಯಾಬಿನವಳು, ಅಂದೆ.
ಅಕ್ಕಾರ ಅನ್ನಲಿಲ್ಲ.
ತೋಳು ಮಾತ್ರ ಮುಂದೆ ಚಾಚಿದ:
"ಇನ್ನೊಮ್ಮೆ ಚುಚ್ಚೂದೈತೇನು?"